ಮಣ್ಣಿನ ತೇವವನ್ನೂ ಬಿಗಿಯನ್ನೂ ಅಳೆಯುವ ವಿಕಿರಣ ಮಾಪಕ: ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದಿರಬೇಕಾದ ಸಂಗತಿಗಳು

ಹೊಸ ರಸ್ತೆಗೆ ಮಣ್ಣು ತುಂಬುವಲ್ಲಿಯೂ, ನಾಲೆಯ ಏರಿಯನ್ನು ಬಲಪಡಿಸುವಲ್ಲಿಯೂ, ಬಡಾವಣೆಗಾಗಿ ನೆಲವನ್ನು ಸಮಮಾಡುವಲ್ಲಿಯೂ ಒಂದು ಬಗೆಯ ಸಣ್ಣ ಯಂತ್ರವು ಉಪಯೋಗದಲ್ಲಿದೆ. ಅದರ ಉದ್ದವು ಒಂದು ಮೊಳಕ್ಕೆ ಕೊಂಚ ಕಡಮೆ. ಮೇಲೆ ಹಿಡಿಯುಳ್ಳ ಒಂದು ಕಂಬಿ ಇರುವುದು. ಕೆಲಸಗಾರನು ಮೊದಲು ಸಲಾಕಿಯನ್ನು ಬಡಿದು ನೆಲದಲ್ಲಿ ರಂಧ್ರ ಮಾಡಿ, ಯಂತ್ರವನ್ನು ಅದರ ಮೇಲಿಟ್ಟು, ಕಂಬಿಯನ್ನು ರಂಧ್ರದೊಳಕ್ಕೆ ಇಳಿಸಿ, ಒಂದೆರಡು ನಿಮಿಷ ಕಾದು ಅಂಕಿಗಳನ್ನು ಬರೆದುಕೊಳ್ಳುತ್ತಾನೆ. ಅಷ್ಟರಿಂದಲೇ ಆ ಮಣ್ಣು ಎಷ್ಟು ಬಿಗಿಯಾಗಿ ಕೂತಿದೆ, ಅದರಲ್ಲಿ ಎಷ್ಟು ನೀರಿದೆ ಎಂಬುದು ತಿಳಿದುಬರುವುದು. ವ್ಯವಸಾಯ ಸಂಶೋಧನೆಗಾಗಿ ಇದರದೇ ಜಾತಿಯ ಮತ್ತೊಂದು ಯಂತ್ರವಿದೆ. ಅದನ್ನು ಭೂಮಿಯಲ್ಲಿ ಹೂತ ಕೊಳವೆಯೊಳಗೆ ಇಳಿಬಿಟ್ಟು ಬೇರಿನ ಮಟ್ಟದ ತೇವವನ್ನು ಅಳೆಯುತ್ತಾರೆ.

ಈ ಯಂತ್ರಗಳ ಒಳಗೆ ವಿಕಿರಣಶೀಲ ವಸ್ತುವಿದೆ. ಆ ಮಾತನ್ನು ಕೇಳಿದೊಡನೆ ಗ್ರಾಮಗಳಲ್ಲಿ ಎರಡು ವಿಧವಾದ ತಪ್ಪುಗಳು ಆಗಬಹುದು. ಭೂಮಿ ಹಾಳಾಯಿತು, ಪೈರು ವಿಷವಾಯಿತು ಎಂದು ಗಾಬರಿಯಾಗಿ ಕೆಲಸಗಾರನನ್ನು ಅಟ್ಟಿಬಿಡುವುದು ಒಂದು. ‘ಇಷ್ಟು ಸಣ್ಣ ಪೆಟ್ಟಿಗೆಯಿಂದ ಏನಾದೀತು’ ಎಂದು ಅದನ್ನು ಜಗಲಿಯ ಮೂಲೆಯಲ್ಲೋ ಪಂಪಿನ ಮನೆಯಲ್ಲೋ ಬಿದ್ದಿರಗೊಡುವುದು ಮತ್ತೊಂದು. ಮೊದಲನೆಯದರಿಂದ ಕೆಲಸ ಕೆಡುವುದು. ಎರಡನೆಯದರಿಂದ ಮನುಷ್ಯರಿಗೆ ಕೇಡಾಗುವುದು. ಅರಿತವನ ಕೈಯಲ್ಲಿ, ಅವನ ಕಣ್ಣೆದುರಿನಲ್ಲಿ ಇರುವವರೆಗೆ ಈ ಯಂತ್ರದಿಂದ ಭಯಪಡತಕ್ಕದ್ದು ಅಲ್ಪ. ಒಡೆಯನ ಕಣ್ಣು ತಪ್ಪಿದ ಗಳಿಗೆಯಿಂದಲೇ ಅಪಾಯವು ಮೊದಲಾಗುತ್ತದೆ.

ಯಂತ್ರವು ಕೆಲಸಮಾಡುವ ರೀತಿ

ಸಾಮಾನ್ಯವಾದ ಮಾಪಕದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಇರುತ್ತವೆ. ಸೀಸಿಯಂ-137 ಎಂಬುದು ಕಂಬಿಯ ತುದಿಯಲ್ಲಿದ್ದು ಗಾಮಾ ಕಿರಣಗಳನ್ನು ಸೂಸುವುದು. ಸಡಿಲವಾಗಿ ಹೆಣೆದ ಚಾಪೆಯಲ್ಲಿ ಬೆಳಕು ಹೆಚ್ಚಾಗಿಯೂ ಒತ್ತಾಗಿ ಹೆಣೆದ ಚಾಪೆಯಲ್ಲಿ ಕಡಮೆಯಾಗಿಯೂ ತೂರಿಬರುವಂತೆ, ಬಿಗಿಯಾದ ಮಣ್ಣಿನ ಮೂಲಕ ಈ ಕಿರಣಗಳು ಕಡಮೆಯಾಗಿ ಬರುತ್ತವೆ. ಯಂತ್ರವು ಅವುಗಳನ್ನು ಎಣಿಸಿ ಬಿಗಿಯನ್ನು ತಿಳಿಸುತ್ತದೆ. ಅಮೆರಿಸಿಯಂ-241 ಮತ್ತು ಬೆರಿಲಿಯಂ ಸೇರಿದ ಎರಡನೆಯ ವಸ್ತುವು ಯಂತ್ರದ ತಳದಲ್ಲಿದ್ದು ನ್ಯೂಟ್ರಾನುಗಳನ್ನು ಹೊರಗೆಡಹುತ್ತದೆ. ಗೋಲಿಯಾಟದಲ್ಲಿ ಒಂದು ಗೋಲಿ ದೊಡ್ಡ ಕಲ್ಲಿಗೆ ತಾಕಿದರೆ ಅದೇ ವೇಗದಿಂದ ಹಿಂದಕ್ಕೆ ಚಿಮ್ಮುವುದು. ತನ್ನಷ್ಟೇ ತೂಕದ ಗೋಲಿಗೆ ತಾಕಿದರೆ ತನ್ನ ವೇಗವನ್ನು ಅದಕ್ಕೆ ಒಪ್ಪಿಸಿ ತಾನು ನಿಂತುಬಿಡುವುದು. ನ್ಯೂಟ್ರಾನಿನ ತೂಕಕ್ಕೆ ಸರಿಸಮನಾದದ್ದು ಜಲಜನಕದ ಬೀಜಕಣ. ಆದಕಾರಣ ಮಣ್ಣಿನಲ್ಲಿ ನೀರು ಎಷ್ಟು ಹೆಚ್ಚಾಗಿರುವುದೋ ಅಷ್ಟು ಹೆಚ್ಚು ನ್ಯೂಟ್ರಾನುಗಳು ನಿಧಾನವಾಗುತ್ತವೆ. ಹೀಗೆ ನಿಧಾನವಾದವುಗಳನ್ನು ಎಣಿಸುವುದೇ ತೇವವನ್ನು ಅಳೆಯುವ ಗುಟ್ಟು. ಈ ಕ್ರಮವನ್ನು ಅಮೇರಿಕದಲ್ಲಿ ಗಾರ್ಡ್ನರ್ ಮತ್ತು ಕರ್ಕ್‌ಹ್ಯಾಂ ಎಂಬ ಶಾಸ್ತ್ರಜ್ಞರು 1952ರಲ್ಲಿ ವಿವರಿಸಿ ಪ್ರಕಟಿಸಿದರು.

ಯಂತ್ರವು ತೋರಿಸುವ ಅಂಕಿಯನ್ನೇ ವೇದವಾಕ್ಯವೆಂದು ನಂಬಕೂಡದು. ಅದು ಎಣಿಸುವುದು ಜಲಜನಕದ ಪ್ರಭಾವವನ್ನೇ ಹೊರತು ನೀರನ್ನಲ್ಲ. ಗೊಬ್ಬರವು ಹೇರಳವಾಗಿ ಬಿದ್ದ ಮೇಲ್ಮಣ್ಣಿನಲ್ಲಿಯೂ, ಜೇಡಿಯು ಹೆಚ್ಚಾದ ಎರೆಭೂಮಿಯಲ್ಲಿಯೂ ನೀರಲ್ಲದ ಜಲಜನಕವು ಲೆಕ್ಕಕ್ಕೆ ಸೇರಿ ತೇವವು ಇದ್ದುದಕ್ಕಿಂತ ಹೆಚ್ಚಾಗಿ ಕಾಣುವುದುಂಟು. ಉಪ್ಪು ಕೂಡಿದ ಚೌಳು ಭೂಮಿಯಲ್ಲಿ ಕ್ಲೋರಿನ್ನು ನಿಧಾನವಾದ ನ್ಯೂಟ್ರಾನುಗಳನ್ನು ನುಂಗುವುದರಿಂದ ಕಡಮೆಯಾಗಿ ಕಾಣುವುದು. ಕೊಳವೆಯೊಳಗೆ ಇಳಿಬಿಡುವ ಯಂತ್ರದಲ್ಲಿ, ನೆಲದ ಮೇಲಿನ ಅರ್ಧ ಅಡಿಯೊಳಗೆ ಅಳೆದರೆ ನ್ಯೂಟ್ರಾನುಗಳು ಗಾಳಿಗೆ ಹಾರಿಹೋಗಿ ಲೆಕ್ಕವೇ ತಪ್ಪುವುದು. ಮೈಸೂರು ಸೀಮೆಯ ಕೆಂಪು ಮರಳು ಮಣ್ಣಿಗೆ ಹೊಂದಿಸಿದ ಯಂತ್ರವನ್ನು ಚಾಮರಾಜನಗರದ ಕಡೆಯ ಎರೆಗೆ ಹಾಗೆಯೇ ಒಯ್ದರೆ ಬರುವ ಉತ್ತರವು ಸರಿಯಿರಲಾರದು. ಪ್ರತಿಯೊಂದು ಮಣ್ಣಿಗೂ, ಮಣ್ಣನ್ನು ತೂಗಿ, 105 ಡಿಗ್ರಿ ಸೆಂಟಿಗ್ರೇಡು ಶಾಖದಲ್ಲಿ ಒಣಗಿಸಿ, ಮತ್ತೆ ತೂಗಿ ತಾಳೆ ನೋಡತಕ್ಕದ್ದು.

ಇಲ್ಲಿ ಇನ್ನೊಂದು ಮಾತು. ತನ್ನ ಸ್ವಂತ ಜಮೀನಿಗೆ ನೀರು ಹಾಯಿಸುವ ಕಾಲವನ್ನು ಗೊತ್ತುಮಾಡಿಕೊಳ್ಳುವುದಕ್ಕೆ ರೈತನಿಗೆ ಇಂಥ ಯಂತ್ರವು ಬೇಕಾಗಿಯೇ ಇಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆಕಟ್ಟಿ ನೋಡುವ ರೂಢಿಯು ಅಷ್ಟೇನೂ ಕೀಳಾದುದಲ್ಲ. ಅದಕ್ಕಿಂತ ನಿಖರತೆ ಬೇಕಾದವರಿಗೆ ಟೆನ್ಸಿಯೋಮೀಟರ್ ಎಂಬ ನೀರು ತುಂಬಿದ ಕೊಳವೆ ಸಾಕು. ಅದಕ್ಕೆ ಪರವಾನಗಿಯೂ ಬೇಡ, ಕಾವಲೂ ಬೇಡ. ರಸ್ತೆ ಮತ್ತು ಏರಿಗಳ ಬಿಗಿಯನ್ನು ಅಳೆಯುವುದಕ್ಕೂ ಗುಳಿಯಲ್ಲಿ ಮರಳು ತುಂಬಿ ಲೆಕ್ಕಹಾಕುವ ಹಳೆಯ ಪದ್ಧತಿ ಇದ್ದೇ ಇದೆ. ದಿನವೊಂದಕ್ಕೆ ನೂರಾರು ಕಡೆ ಪರೀಕ್ಷಿಸಬೇಕಾದ ದೊಡ್ಡ ಕಾಮಗಾರಿಯಲ್ಲಿ ಮಾತ್ರ ವಿಕಿರಣ ಮಾಪಕದಿಂದ ನಿಜವಾದ ಅನುಕೂಲ.

ಭೂಮಿಗೂ ಪೈರಿಗೂ ಕೇಡುಂಟೇ?

ಇಲ್ಲ. ವಿಕಿರಣಶೀಲ ವಸ್ತುವನ್ನು ತುಕ್ಕು ಹಿಡಿಯದ ಉಕ್ಕಿನ ಇಮ್ಮಡಿ ಕವಚದಲ್ಲಿಟ್ಟು ಬೆಸೆದು ಮುಚ್ಚಿರುತ್ತಾರೆ. ಕವಚವು ಒಡೆಯದಿರುವವರೆಗೆ ಅದರೊಳಗಿನ ಒಂದು ಕಣವೂ ಮಣ್ಣಿಗೆ ಸೇರದು. ಬಿಸಿಲಿನಲ್ಲಿಟ್ಟ ಕಲ್ಲು ಬೆಳಕನ್ನು ಕೂಡಿಟ್ಟುಕೊಂಡು ಇರುಳಿನಲ್ಲಿ ಬೆಳಗುವುದಿಲ್ಲವಷ್ಟೆ. ಹಾಗೆಯೇ ಯಂತ್ರವನ್ನು ಎತ್ತಿಕೊಂಡುಹೋದ ಮೇಲೆ ಆ ಜಾಗದ ಮಣ್ಣಿನಲ್ಲಿ ಲೆಕ್ಕಕ್ಕೆ ಹಿಡಿಯುವಂಥ ವಿಕಿರಣವು ಉಳಿಯುವುದಿಲ್ಲ. ಅಲ್ಲಿ ಬೆಳೆದ ರಾಗಿಯನ್ನು ಉಣ್ಣಬಹುದು, ಹುಲ್ಲನ್ನು ದನಗಳಿಗೆ ಹಾಕಬಹುದು. ಆದ್ದರಿಂದ ಅಳತೆಗಾಗಿ ಜಮೀನಿನೊಳಕ್ಕೆ ಬಂದವರನ್ನು ಈ ಒಂದು ಕಾರಣದಿಂದ ತಡೆಯುವುದು ಉಚಿತವಲ್ಲ.

ಎಷ್ಟು ಹತ್ತಿರ, ಎಷ್ಟು ಹೊತ್ತು

ಶರೀರಕ್ಕೆ ತಾಕುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಿಂದ ಅಳೆಯುತ್ತಾರೆ. ನೆಲ, ಆಕಾಶ, ಗಾಳಿ, ಆಹಾರಗಳಿಂದ ಸ್ವಾಭಾವಿಕವಾಗಿಯೇ ಪ್ರತಿಯೊಬ್ಬ ಮನುಷ್ಯನಿಗೂ ಪ್ರಪಂಚದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ತಗಲುತ್ತಿರುವುದು. ಇದಲ್ಲದೆ ಇಂಥ ಕೆಲಸಗಳಿಂದ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟಿಗಿಂತ ಹೆಚ್ಚು ತಾಕಕೂಡದೆಂದು ನಮ್ಮ ದೇಶದಲ್ಲಿ ಮಿತಿಯುಂಟು. ಆ ಕೆಲಸವನ್ನೇ ವೃತ್ತಿಯಾಗಿ ಉಳ್ಳವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಎಂದು ಮಿತಿಯಿದೆ. ಅವರು ಎದೆಯ ಮೇಲೆ ಧರಿಸುವ ಸಣ್ಣ ಬಿಲ್ಲೆಯು ತಗಲಿದ ಪ್ರಮಾಣವನ್ನು ಗುರುತಿಟ್ಟುಕೊಳ್ಳುವುದು. 18 ವರ್ಷ ತುಂಬದವರನ್ನು ಈ ಕೆಲಸಕ್ಕೆ ಹಚ್ಚಕೂಡದು.

ಸಾಗಿಸುವಾಗ ಮಾಪಕವನ್ನು ಅದಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರುತ್ತಾರೆ. ಪೆಟ್ಟಿಗೆಯ ಮೇಲೆ ಮೂರು ಎಸಳಿನ ಚಿಹ್ನೆಯುಳ್ಳ ಚೀಟಿ ಅಂಟಿಸಿರುವುದು. ಆ ಚೀಟಿಯ ಮೇಲ್ಭಾಗವು ಹಳದಿಯಾಗಿದ್ದು, ಎರಡು ಕೆಂಪು ಗೀಟುಗಳಿದ್ದರೆ ಅದು ಹಳದಿ ಎರಡನೆಯ ತರಗತಿ. ಅಂಥ ಪೆಟ್ಟಿಗೆಯ ಮೈಮೇಲೆ ಗಂಟೆಗೆ 0.5 ಮಿಲಿಸೀವರ್ಟನ್ನೂ, ಒಂದು ಮೀಟರು, ಎಂದರೆ ಮೂರೂಕಾಲು ಅಡಿ ದೂರದಲ್ಲಿ ಗಂಟೆಗೆ 0.01 ಮಿಲಿಸೀವರ್ಟನ್ನೂ ವಿಕಿರಣವು ಮೀರುವಂತಿಲ್ಲ. ಇದು ಮೀರಕೂಡದ ಮೇಲಿನ ಅಂಚು. ವಾಸ್ತವದಲ್ಲಿ ಅದಕ್ಕಿಂತ ಕಡಮೆಯೇ ಇರಬಹುದು. ಆದರೂ ಲೆಕ್ಕವನ್ನು ಅಂಚಿನಿಂದಲೇ ಹಾಕುವುದು ಕ್ಷೇಮ.

ಒಂದು ಮೀಟರಿನಲ್ಲಿ ಗಂಟೆಗೆ 0.01 ಎಂದರೆ, ವರ್ಷದ ಮಿತಿಯಾದ 1 ಮಿಲಿಸೀವರ್ಟ್ ತುಂಬುವುದಕ್ಕೆ 100 ಗಂಟೆಗಳು ಬೇಕು. ದೂರವು ಇಮ್ಮಡಿಯಾದರೆ ವಿಕಿರಣವು ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದು. ಎರಡು ಮೀಟರಿನಲ್ಲಿ 400 ಗಂಟೆಗಳು, ಹತ್ತು ಮೀಟರಿನಲ್ಲಿ 10,000 ಗಂಟೆಗಳು ಆಗುತ್ತವೆ. ವರ್ಷಕ್ಕೆ ಇರುವುದೇ 8,760 ಗಂಟೆಗಳು. ಆದುದರಿಂದ ಹತ್ತು ಮೀಟರು ದೂರದ ಬದುವಿನಲ್ಲಿ ಕೂತು ಕೆಲಸವನ್ನು ನೋಡುವವನಿಗೆ ಇದರಿಂದ ಭಯವಿಲ್ಲ.

ಇದೇ ಲೆಕ್ಕವನ್ನು ಮನೆಯೊಳಕ್ಕೆ ತಂದು ನೋಡತಕ್ಕದ್ದು. ನಂಜನಗೂಡಿನ ರಸ್ತೆಯ ಪಕ್ಕದ ಒಬ್ಬ ಭೂಮಾಲೀಕರು ತಮ್ಮ ತೋಟದ ಮನೆಯ ಒಂದು ಕೋಣೆಯನ್ನು ಕಂಟ್ರಾಕ್ಟರಿಗೆ ಬಾಡಿಗೆಗೆ ಕೊಟ್ಟರೆಂದು ಇಟ್ಟುಕೊಳ್ಳೋಣ. ಸಲಾಕಿ, ಹಾರೆ, ಸಿಮೆಂಟು ಮೂಟೆಗಳ ಜೊತೆಗೆ ಈ ಪೆಟ್ಟಿಗೆಯೂ ಬಂದು ಗೋಡೆಗೆ ಒತ್ತಿ ಕೂತಿತು. ಗೋಡೆಯ ಆಚೆ, ಪೆಟ್ಟಿಗೆಯಿಂದ ಒಂದು ಮೀಟರಿನಲ್ಲಿ, ಮಾಲೀಕರ ಮೊಮ್ಮಗುವಿನ ಹಾಸಿಗೆ. ತೆಳ್ಳನೆಯ ತಡಿಕೆಯ ಗೋಡೆಯು ತಡೆಯುವುದು ಅತ್ಯಲ್ಪ. ರಾತ್ರಿಗೆ ಎಂಟು ಗಂಟೆಯಂತೆ ಮಲಗಿದರೆ ಹದಿಮೂರು ರಾತ್ರಿ ಕಳೆಯುವುದರೊಳಗೆ ಆ ಮಗುವಿಗೆ ವರ್ಷದ ಮಿತಿಯು ತುಂಬಿಹೋಗುವುದು. ಕಾಮಗಾರಿಯು ಆರು ತಿಂಗಳು ನಡೆದರೆ ಗತಿಯೇನು? ಮಗುವಿಗೆ ನೋವಾಗುವುದಿಲ್ಲ, ಜ್ವರ ಬರುವುದಿಲ್ಲ, ಮೈಮೇಲೆ ಗುರುತೂ ಕಾಣುವುದಿಲ್ಲ. ಮುಂದೆ ಎಂದೋ ಏಡಿಹುಣ್ಣು ಬರುವ ಸಂಭವವು ಕೊಂಚ ಹೆಚ್ಚುವುದು, ಅಷ್ಟೆ. ಆ ಸಂಭವವು ಸಣ್ಣದೇ ಆದರೂ ಅದನ್ನು ಆ ಮಗುವಿನ ಮೇಲೆ ಹೊರಿಸುವುದಕ್ಕೆ ಕಂಟ್ರಾಕ್ಟರಿಗಾಗಲಿ ಮಾಲೀಕರಿಗಾಗಲಿ ಹಕ್ಕಿಲ್ಲ. ಇನ್ನು ಆ ಪೆಟ್ಟಿಗೆಯನ್ನೇ ಪೀಠಮಾಡಿಕೊಂಡು ಕೂರುವ ಕಾವಲುಗಾರನಿದ್ದರೆ, ತಾಕಿದ ಅಂಗಕ್ಕೆ ಎರಡೇ ಗಂಟೆಯಲ್ಲಿ ಅಷ್ಟು ಪ್ರಮಾಣವು ತಲಪಬಹುದು.

ಸೀಸದ ತಗಡಿನಿಂದ ಮುಚ್ಚಿದರೆ ಎಲ್ಲವೂ ನಿಂತುಹೋಗುವುದೆಂಬುದು ತಪ್ಪು ತಿಳಿವಳಿಕೆ. ಸೀಸವು ಗಾಮಾ ಕಿರಣವನ್ನು ತಗ್ಗಿಸುವುದೇ ಹೊರತು ನ್ಯೂಟ್ರಾನನ್ನು ತಡೆಯಲಾರದು. ಅದಕ್ಕೆ ಜಲಜನಕವುಳ್ಳ ಮೇಣ, ಪಾಲಿಥೀನ್ ಮುಂತಾದವು ಬೇಕು. ಯಂತ್ರದ ಹಿಡಿಯನ್ನು ಮೇಲಕ್ಕೆಳೆದರೆ ಸೀಸಿಯಮ್ಮು ತನ್ನ ಗೂಡಿಗೆ ಸೇರುವುದು. ತಳದ ನ್ಯೂಟ್ರಾನು ವಸ್ತುವಿಗಾದರೋ ಮುಚ್ಚುವ ಬಾಗಿಲೇ ಇಲ್ಲ, ಅದು ಹಗಲಿರುಳೂ ಸೂಸುತ್ತಲೇ ಇರುವುದು. ವಿದ್ಯುಚ್ಛಕ್ತಿ ಆರಿದರೂ, ಬ್ಯಾಟರಿ ತೆಗೆದಿಟ್ಟರೂ ಅದು ನಿಲ್ಲದು.

ಕಾನೂನಿನ ಕಟ್ಟುಪಾಡು

ಇಂಥ ಮಾಪಕವನ್ನು ಹಣವಿದ್ದವರೆಲ್ಲ ಕೊಂಡು ಇಟ್ಟುಕೊಳ್ಳುವಂತಿಲ್ಲ. 1983ನೆಯ ನವೆಂಬರು 15ರಂದು ಕೇಂದ್ರ ಸರ್ಕಾರವು ಅಣುಶಕ್ತಿ ನಿಯಂತ್ರಣ ಮಂಡಲಿಯನ್ನು ಸ್ಥಾಪಿಸಿತು; ಅದರ ಮುಖ್ಯ ಕಚೇರಿ ಮುಂಬಯಿಯಲ್ಲಿದೆ. ಅಣುಶಕ್ತಿ ವಿಕಿರಣ ಸಂರಕ್ಷಣಾ ನಿಯಮಗಳು 2004ರಲ್ಲಿ ಹೊರಟವು. ಯಂತ್ರವನ್ನು ಕೊಳ್ಳುವುದಕ್ಕೆ ಮುಂಚೆಯೇ ಮಂಡಲಿಯ ಅನುಮತಿ ಪಡೆಯತಕ್ಕದ್ದು. ಇಟ್ಟುಕೊಳ್ಳುವ ಕೊಠಡಿಯು ಭದ್ರವಾಗಿ, ಜನವಸತಿಗೆ ದೂರವಾಗಿ, ಬೀಗ ಮತ್ತು ಎಚ್ಚರಿಕೆಯ ಹಲಗೆಯುಳ್ಳದ್ದಾಗಿರಬೇಕು. ತರಬೇತು ಹೊಂದಿದ ಒಬ್ಬ ವಿಕಿರಣ ಸುರಕ್ಷಾಧಿಕಾರಿಯು ಹೊಣೆಗಾರನಾಗಿ ಇರಬೇಕು. ಎಲ್ಲಿಗೆ ಹೋಯಿತು, ಯಾರು ಒಯ್ದರು, ಯಾವಾಗ ಹಿಂದಕ್ಕೆ ಬಂತು ಎಂಬ ಪುಸ್ತಕವನ್ನು ಇಟ್ಟು, ಕವಚದಿಂದ ಸೋರಿಕೆಯಿಲ್ಲವೆಂದು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಬೇಕು. ಮಂಡಲಿಗೆ ತಿಳಿಸದೆ ಮಾರುವುದು, ಎರವು ಕೊಡುವುದು, ಅಡವಿಡುವುದು ಯಾವುದೂ ಸಲ್ಲದು.

ಆದಕಾರಣ, ಗ್ರಾಮದ ಎಲ್ಲೆಯೊಳಗೆ ಕಾಮಗಾರಿ ಹೂಡುವ ಕಂಟ್ರಾಕ್ಟರನ್ನು ಗ್ರಾಮ ಪಂಚಾಯಿತಿಯವರು ‘ವಿಕಿರಣ ಮಾಪಕವುಂಟೇ? ಇದ್ದರೆ ಮಂಡಲಿಯ ಅನುಮತಿಪತ್ರದ ನಕಲನ್ನೂ, ಸುರಕ್ಷಾಧಿಕಾರಿಯ ಹೆಸರನ್ನೂ ಟೆಲಿಫೋನ್ ಸಂಖ್ಯೆಯನ್ನೂ ಕೊಡಿ. ರಾತ್ರಿಯ ಹೊತ್ತು ಎಲ್ಲಿ ಇಡುತ್ತೀರಿ ತೋರಿಸಿ’ ಎಂದು ಕೇಳುವುದರಲ್ಲಿ ಯಾವ ಅನುಚಿತವೂ ಇಲ್ಲ. ಕ್ರಮವಾಗಿ ನಡೆದುಕೊಳ್ಳುವವರು ಸಂತೋಷದಿಂದ ತೋರಿಸುವರು. ಮುಖ ತಿರುಗಿಸುವವರ ವಿಷಯವನ್ನು ತಾಲ್ಲೂಕು ಕಚೇರಿಗೂ ಪೋಲೀಸಿಗೂ ತಿಳಿಸತಕ್ಕದ್ದು. ಭೂಮಾಲೀಕರು ಕೋಣೆ ಬಾಡಿಗೆಗೆ ಕೊಡುವ ಕರಾರಿನಲ್ಲಿಯೇ, ಇಂಥ ಪೆಟ್ಟಿಗೆಯನ್ನು ಒಳಗೆ ಇಡಕೂಡದೆಂದು ಒಂದು ಸಾಲು ಬರೆಯಿಸಿಕೊಳ್ಳುವುದು ಲೇಸು.

ಕೆಲಸದ ಸ್ಥಳದಲ್ಲಿ ಆಗುವ ಅಪಘಾತಗಳಲ್ಲಿ ಮುಖ್ಯವಾದುದು ರೋಲರು ಯಂತ್ರದ ಮೇಲೆ ಹಾಯುವುದು. ಅಳೆಯುವವನು ಎರಡು ಮಾತಾಡುವುದಕ್ಕೆಂದು ಅತ್ತ ಹೋಗಿರುತ್ತಾನೆ; ಹಿಂದಕ್ಕೆ ಸರಿಯುವ ರೋಲರಿನವನಿಗೆ ನೆಲದ ಮೇಲಿನ ಸಣ್ಣ ಪೆಟ್ಟಿಗೆ ಕಾಣುವುದಿಲ್ಲ. ಹಾಗಾದಲ್ಲಿ ರೋಲರನ್ನು ಇದ್ದಲ್ಲಿಯೇ ನಿಲ್ಲಿಸಬೇಕು. ಕವಚ ಒಡೆದಿದ್ದರೆ ಚಕ್ರಕ್ಕೆ ಅಂಟಿದುದು ಊರೆಲ್ಲ ಹರಡೀತು. ಜನರನ್ನು ಹದಿನೈದು ಅಡಿಗಿಂತ ಆಚೆಗೆ ಕಳುಹಿಸಿ, ಚೂರುಗಳನ್ನು ಯಾರೂ ಹೆಕ್ಕದಂತೆ ಕಾದು, ಸುರಕ್ಷಾಧಿಕಾರಿಗೆ ಸುದ್ದಿ ಮುಟ್ಟಿಸಬೇಕು.

ಕಳೆದುಹೋದ ಮಾಪಕ

2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಣಿಯೊಂದರಿಂದ ಪರ್ತ್ ನಗರಕ್ಕೆ ಲಾರಿಯಲ್ಲಿ ಕಳುಹಿಸಿದ ಒಂದು ಮಾಪಕವನ್ನು ಬಿಚ್ಚಿ ನೋಡಿದಾಗ, ಅದರೊಳಗಿನ ಸೀಸಿಯಂ ಗುಳಿಗೆಯೇ ಇರಲಿಲ್ಲ. ಗುಳಿಗೆಯ ಎತ್ತರ 8 ಮಿಲಿಮೀಟರು, ಅಗಲ 6 ಮಿಲಿಮೀಟರು, ಒಂದು ಕಡಲೆಕಾಳಿನಷ್ಟು. ದಾರಿಯ ಉದ್ದವು ಸುಮಾರು 1,400 ಕಿಲೋಮೀಟರು. ಅದರ ಬಲವು ರಸ್ತೆ ಕೆಲಸದ ಮಾಪಕದಲ್ಲಿರುವ ಸೀಸಿಯಮ್ಮಿಗಿಂತ ಸುಮಾರು ಐವತ್ತು ಪಟ್ಟು. ವಿಕಿರಣವನ್ನು ಕಂಡುಹಿಡಿಯುವ ಉಪಕರಣಗಳನ್ನು ಗಾಡಿಗೆ ಕಟ್ಟಿ ಹೆದ್ದಾರಿಯನ್ನೆಲ್ಲ ಜಾಲಾಡಿ, ಫೆಬ್ರವರಿ 1ರಂದು ರಸ್ತೆಯ ಅಂಚಿನಿಂದ ಎರಡು ಮೀಟರು ದೂರದಲ್ಲಿ ಅದನ್ನು ಪತ್ತೆಮಾಡಿದರು. ಅಲ್ಲಿ ಜನಸಂಚಾರ ವಿರಳ. ಮೈಸೂರು ಸೀಮೆಯ ರಸ್ತೆಯಲ್ಲಿ ಬಿದ್ದಿದ್ದರೆ ಹೊಳೆಯುವ ಆ ಗುಳಿಗೆಯು ಯಾವುದಾದರೂ ಮಗುವಿನ ಅಂಗಿಯ ಜೇಬನ್ನು ಸೇರುವುದಕ್ಕೆ ಎಷ್ಟು ಹೊತ್ತು ಬೇಕಾದೀತು?

ಇಂಥವು ಹೆಚ್ಚಾಗಿ ಸೇರುವುದು ಗುಜರಿಗೆ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ ಇದೇ ಆಯಿತು. ಒಂದು ವಿದ್ಯಾಸಂಸ್ಥೆಯಲ್ಲಿ 1985ರಿಂದ ಉಪಯೋಗವಿಲ್ಲದೆ ಬಿದ್ದಿದ್ದ ಕೋಬಾಲ್ಟ್-60 ಇದ್ದ ಯಂತ್ರವನ್ನು ಆ ವರ್ಷದ ಫೆಬ್ರವರಿಯಲ್ಲಿ ಹಳೆಯ ಕಬ್ಬಿಣವೆಂದು ಹರಾಜು ಹಾಕಿದರು. ಕೊಂಡವರು ಅದನ್ನು ಒಡೆದರು. ಏಪ್ರಿಲ್ ತಿಂಗಳಲ್ಲಿ ಕೆಲಸಗಾರರಿಗೆ ಚರ್ಮ ಕಪ್ಪಾಗಿ, ಕೂದಲುದುರಿ, ಒಬ್ಬನು ಸತ್ತನು. ಬ್ರೆಜಿಲ್ ದೇಶದ ಗೊಯಾನಿಯಾದಲ್ಲಿ 1987ರಲ್ಲಿ ಆಸ್ಪತ್ರೆಯ ಹಳೆಯ ಯಂತ್ರದ ಸೀಸಿಯಂ ಪುಡಿಯು ಕತ್ತಲಲ್ಲಿ ನೀಲಿಯಾಗಿ ಹೊಳೆಯುವುದನ್ನು ಕಂಡು ಬಂಧುಬಳಗಕ್ಕೆ ಹಂಚಿದರು; ನಾಲ್ವರು ತೀರಿಕೊಂಡರು. ಈ ಎರಡೂ ವಸ್ತುಗಳು ರಸ್ತೆ ಮಾಪಕಕ್ಕಿಂತ ಸಾವಿರಾರು ಪಟ್ಟು ಬಲವುಳ್ಳವಾಗಿದ್ದವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು ಇಂಥ ವಸ್ತುಗಳನ್ನು ಅಪಾಯದ ಮೇರೆಗೆ ಐದು ವರ್ಗ ಮಾಡಿ, ಒಯ್ಯಬಹುದಾದ ಮಾಪಕಗಳನ್ನು ನಾಲ್ಕನೆಯ ವರ್ಗಕ್ಕೆ ಸೇರಿಸಿದೆ. ಅವುಗಳಿಂದ ಶಾಶ್ವತವಾದ ಗಾಯವಾಗುವುದು ಅಪರೂಪ. ಆದರೆ ಬಿದ್ದ ಪೆಟ್ಟಿಗೆಯೊಳಗೆ ಯಾವ ವರ್ಗದ್ದು ಇದೆಯೆಂಬುದು ದಾರಿಹೋಕನಿಗೆ ತಿಳಿಯುವ ಉಪಾಯವಿಲ್ಲ. ಗುಜರಿಯವನ ಕಣ್ಣಿಗೆ ಕಾಣುವುದು ಅದರ ಸೀಸದ ಬೆಲೆಯೊಂದೇ.

ಹಳತಾಯಿತೆಂದು ಅದರ ಶಕ್ತಿ ಉಡುಗಿರುವುದಿಲ್ಲ. ಸೀಸಿಯಮ್ಮು ಅರ್ಧಕ್ಕೆ ಇಳಿಯುವುದಕ್ಕೆ 30 ವರ್ಷಗಳು ಬೇಕು. ಅಮೆರಿಸಿಯಮ್ಮಿಗೆ 432 ವರ್ಷ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡ ದಿನ ಅದನ್ನು ಅಲ್ಲಿಯ ಕೋಟೆಯಲ್ಲಿ ಹೂತಿದ್ದರೂ ಇಂದಿಗೆ ಅರ್ಧಕ್ಕಿಂತ ಹೆಚ್ಚು ಬಲವು ಉಳಿದಿರುತ್ತಿತ್ತು. ಆದ್ದರಿಂದ ಹಾಳು ಬಾವಿಗೆ ಎಸೆಯುವುದು, ತಿಪ್ಪೆಯಲ್ಲಿ ಹೂಳುವುದು, ಕುಲುಮೆಗೆ ಹಾಕುವುದು ಇವುಗಳಲ್ಲಿ ಯಾವುದೂ ಪರಿಹಾರವಲ್ಲ. ಉಪಯೋಗ ಮುಗಿದ ಮೇಲೆ, ಮಂಡಲಿಯ ಅನುಮತಿಯೊಡನೆ, ಒದಗಿಸಿದವರಿಗೇ ಅದನ್ನು ಹಿಂದಿರುಗಿಸತಕ್ಕದ್ದೆಂದು ವಿಧಿಯಿದೆ.

ಗ್ರಾಮದ ಎಲ್ಲೆಯಲ್ಲಿ ಮೂರು ಎಸಳಿನ ಗುರುತುಳ್ಳ ಪೆಟ್ಟಿಗೆಯಾಗಲಿ, ತುಂಬ ಭಾರವಾದ ಗುರುತರಿಯದ ಲೋಹದ ಉರುಳೆಯಾಗಲಿ ಕಂಡುಬಂದರೆ ಮುಟ್ಟಕೂಡದು, ಹೊರಳಿಸಕೂಡದು, ಕೋಲಿನಿಂದಲೂ ಕೆದಕಕೂಡದು. ಸುತ್ತಲೂ ಮೂವತ್ತು ಮೀಟರು, ಎಂದರೆ ಸುಮಾರು ನೂರು ಅಡಿಯೊಳಗೆ ಜನರನ್ನೂ ದನಗಳನ್ನೂ ಬಿಡದಂತೆ ಹಗ್ಗ ಕಟ್ಟಿಸಿ, 112ಕ್ಕೆ ಫೋನು ಮಾಡಿ ಪೋಲೀಸಿಗೆ ತಿಳಿಸಿ, ಅವರ ಮೂಲಕ ಜಿಲ್ಲಾಧಿಕಾರಿಗಳ ಕಚೇರಿಗೂ ನಿಯಂತ್ರಣ ಮಂಡಲಿಗೂ ಸುದ್ದಿ ಹೋಗುವಂತೆ ನೋಡಿಕೊಳ್ಳಬೇಕು. ಮೊದಲೇ ಮುಟ್ಟಿದವರಿದ್ದರೆ ಅವರನ್ನು ಗದರಿಸಿ ಓಡಿಸದೆ, ಹೆಸರನ್ನೂ, ಎಷ್ಟು ಹೊತ್ತು ಹತ್ತಿರವಿದ್ದರೆಂಬುದನ್ನೂ ಬರೆದಿಟ್ಟುಕೊಂಡು, ಕೈ ತೊಳೆಯಿಸಿ, ವೈದ್ಯರ ಬಳಿಗೆ ಕಳುಹಿಸಬೇಕು. ಗದರಿಸಿದರೆ ಮುಂದಿನವನು ಕಂಡುದನ್ನು ಬಚ್ಚಿಡುವನು. ಊರೂರು ಸುತ್ತುವ ಗುಜರಿ ಗಾಡಿಯವನಿಗೂ, ಮೈಸೂರಿನ ಅಂಗಡಿಗೆ ಹಳೆಯ ಕಬ್ಬಿಣವನ್ನು ಹೊತ್ತು ಮಾರುವ ಹುಡುಗರಿಗೂ ಈ ಮೂರು ಎಸಳಿನ ಗುರುತನ್ನು ಕಾಗದದ ಮೇಲೆ ಬರೆದು ತೋರಿಸಿಡುವುದು ಮುಖಂಡರಿಗೆ ಒಂದು ಸಂಜೆಯ ಕೆಲಸ.